ಹೊನ್ನಾಳಿಯ ದೇವಾಲಯದಲ್ಲಿ ಮಣ್ಣಿನ ಹಾಡು

2022ರ ನವೆಂಬರ್ ತಿಂಗಳು. ಆಗ ನನಗೆ ಐವತ್ತೇಳು ವರ್ಷ. ವೃತ್ತಿಯಿಂದ ನಾನು ಜಾಝ್ ಗಾಯಕಿ. ಹುಟ್ಟಿದ್ದು ಹೊನ್ನಾಳಿಯಲ್ಲಿ, ಹೊಟ್ಟೆ ಹೊರೆದದ್ದು ಬೆಂಗಳೂರು ಮತ್ತು ಗೋವಾದ ಹೋಟೆಲುಗಳಲ್ಲಿ, ನಡುವೆ ಕೆಲವು ವರ್ಷ ಪ್ರವಾಸಿ ಹಡಗುಗಳಲ್ಲಿ. ಜಾಝ್ ಅಂದರೆ ಏನು ಎಂದು ನಮ್ಮ ಕಡೆಯವರು ಕೇಳಿದಾಗ ನಾನು ಹೇಳುತ್ತಿದ್ದದ್ದು ಇಷ್ಟೇ: ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ತೆಗೆದುಕೊಂಡು, ತಾಳಕ್ಕಿಂತ ಬೇಕೆಂದೇ ಕೂದಲೆಳೆಯಷ್ಟು ಹಿಂದೆ ಉಳಿದು, ಪ್ರತಿಸಲವೂ ಬೇರೆ ದಾರಿ ಹಿಡಿದು ಅದನ್ನು ಮನೆಗೆ ತಲುಪಿಸುವುದು.

ಆ ವರ್ಷ ಬೆಂಗಳೂರಿನ ಸಣ್ಣ ಸಂಗೀತ ಕಂಪನಿಯೊಂದು ನನಗೆ ಕೆಲಸ ಕೊಟ್ಟಿತ್ತು. ಕನ್ನಡದ ಕ್ರೈಸ್ತ ಕೀರ್ತನೆಗಳ ಒಂದು ಆಲ್ಬಂ. ಎಂಟು ಹಾಡು, ವಾದ್ಯವೆಂದರೆ ಪಿಯಾನೊ ಮಾತ್ರ. ರಾಗ ಹಳೆಯದೇ ಇರಬೇಕು, ಹಾಡುವ ರೀತಿ ನನ್ನದಾಗಿರಬೇಕು. ನಾನು ಒಪ್ಪಿಕೊಂಡದ್ದು ಭಕ್ತಿಯಿಂದಲ್ಲ. ಒಂದೂವರೆ ವರ್ಷದಿಂದ ಹಾಡಿರಲಿಲ್ಲ. ಯಾರೋ ಕರೆದರು, ಹೂಂ ಅಂದೆ.

ಹಾಡದೇ ಇದ್ದುದಕ್ಕೆ ಕಾರಣ ನನ್ನ ಗಂಡ ಸ್ಟ್ಯಾನ್ಲಿಯ ಸಾವು. ಸ್ಟ್ಯಾನ್ಲಿ ಬಾಸ್ ವಾದಕ. ಆಳೆತ್ತರದ ಆ ತಂತಿವಾದ್ಯವನ್ನು ಅಪ್ಪಿಕೊಂಡು ವೇದಿಕೆಯಲ್ಲಿ ನನ್ನ ಎಡಕ್ಕೆ ನಿಲ್ಲುತ್ತಿದ್ದ. ಕೊರೋನಾದ ಎರಡನೆಯ ಅಲೆಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಮಾರನೆಯ ದಿನ ನನಗೂ ಜ್ವರ ಬಂತು. ಅವನು ತೀರಿಕೊಂಡಾಗ ನಾನು ಮನೆಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮೈತುಂಬ ಪ್ಲಾಸ್ಟಿಕ್ ತೊಟ್ಟ ಸ್ವಯಂಸೇವಕರು ಅವನನ್ನು ಮಣ್ಣು ಮಾಡಿ ಫೋನಿಗೆ ಒಂದು ವಿಡಿಯೊ ಕಳಿಸಿದರು. ಅದರಲ್ಲಿ ಪ್ರಾರ್ಥನೆ ಇರಲಿಲ್ಲ, ಹಾಡು ಇರಲಿಲ್ಲ, ಗಾಳಿಯ ಸದ್ದಷ್ಟೇ ಇತ್ತು.

ಆಗ ನಾನು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ. ತಲೆಯ ಕೆಳಗೆ ಇಟ್ಟು ಮಲಗಿದ ಕೈ ಬೆಳಗಾಗುವ ಹೊತ್ತಿಗೆ ಮರಗಟ್ಟಿರುತ್ತದಲ್ಲ, ಕೈ ಇರುತ್ತದೆ, ಆದರೆ ಅದು ನಮ್ಮದು ಅನಿಸುವುದಿಲ್ಲ. ನಾನು ಪೂರ್ತಿ ಹಾಗಾಗಿದ್ದೆ. ಬೆಳಗ್ಗೆ ಏಳುತ್ತಿದ್ದೆ, ಅನ್ನ ಮಾಡುತ್ತಿದ್ದೆ, ಫೋನ್ ಬಂದರೆ ಮಾತಾಡುತ್ತಿದ್ದೆ. ಗಂಟಲು ಮಾತ್ರ ಚೆನ್ನಾಗಿಯೇ ಇತ್ತು.

ಕಂಪನಿಯವರಿಗೆ ಸ್ಟುಡಿಯೊ ಬೇಡವಾಗಿತ್ತು, ನಿಜವಾದ ದೇವಾಲಯದೊಳಗಿನ, ಅಂದರೆ ಚರ್ಚಿನೊಳಗಿನ ನಾದ ಬೇಕಿತ್ತು. ನಾನು ಹೊನ್ನಾಳಿಯ ಹೆಸರು ಹೇಳಿದೆ. ನನಗೆ ಜ್ಞಾನಸ್ನಾನವಾದ ದೇವಾಲಯ ಅದು. ದಪ್ಪ ಕಲ್ಲಿನ ಗೋಡೆ, ಸಾಗುವಾನಿ ತೊಲೆ, ಮೇಲೆ ಹಂಚು. ನ್ಯಾಮತಿಯಲ್ಲಿ ನನ್ನ ತಮ್ಮ ಪ್ರಸಾದ ಹೈಸ್ಕೂಲ್ ಮೇಷ್ಟ್ರು. ಅವನ ಮನೆಯಲ್ಲಿ ಉಳಿದುಕೊಂಡು ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗುತ್ತಿದ್ದೆ. ರೆಕಾರ್ಡಿಂಗ್ ಇಂಜಿನಿಯರ್ ಇಮ್ರಾನ್ ದಾವಣಗೆರೆಯವರು. ಪಿಯಾನೊ ನುಡಿಸುವ ವಿನೋದ್ ಬೆಂಗಳೂರಿನಿಂದ ಬಂದು ಲಾಡ್ಜಿನಲ್ಲಿ ಇಳಿದಿದ್ದರು.

ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹಾಡಿ ದಾಖಲಿಸುವುದಕ್ಕೆ ಟೇಕ್ ಅನ್ನುತ್ತಾರೆ. ಟೇಕ್ ನಡೆಯುವಾಗ ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು. ಹೆಡ್‌ಫೋನಿನಲ್ಲಿ ಗಡಿಯಾರದ ಹಾಗೆ ಟಕ್ ಟಕ್ ಎಂದು ತಾಳ ಬರುತ್ತಿರುತ್ತದೆ, ಅದಕ್ಕೆ ಕ್ಲಿಕ್ ಎಂದು ಹೆಸರು. ಹೊಳೆಯ ಸೇತುವೆ ಕಡೆಗೆ ಹೋಗುವ ಬಸ್ಸುಗಳ ಹಾರ್ನ್ ನಿಲ್ಲುವ ಸಂದಿ ನೋಡಿಕೊಂಡು ಇಮ್ರಾನ್ ಕೈ ಎತ್ತುತ್ತಿದ್ದರು, ನಾವು ಶುರು ಮಾಡುತ್ತಿದ್ದೆವು.

ಹಾಡಿನ ಹಿಂದೆ ದನಿಗೂಡಿಸಲು ಆ ದೇವಾಲಯಕ್ಕೆ ಸೇರಿದ ಕ್ರೈಸ್ತ ಸಭೆಯ ಸ್ತ್ರೀಯರ ಸಂಘದವರು ಬರುತ್ತಿದ್ದರು. ಸಾಸ್ವೆಹಳ್ಳಿ ಕಡೆಯ ಇಬ್ಬರು, ಉಳಿದವರು ಹೊನ್ನಾಳಿಯವರೇ. ಅವರ ಮುಂದಾಳು ಶಾಂತಕ್ಕ, ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ನಮ್ಮ ತಂದೆ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು. ಮೊದಲ ದಿನವೇ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು:

"ಮರ್ಸಿ, ಹಾಡು ನಮ್ದೇ, ಸರಿ. ಆದ್ರೆ ನೀನು ಸಾಲಿನ ತುದಿಗೆ ಬರಾಕೆ ಮೊದ್ಲೇ ನಾವು ಹೋಗಿ ಕುಂತಿರ್ತೀವಲ್ಲೇ. ಹೆಂಗೆ ಮಾಡಾದು?"

"ನೀವು ನಿಮ್ಮ ಪಾಡಿಗೆ ಹಾಡ್ರಿ ಶಾಂತಕ್ಕ. ನಾನು ಹಿಂದಿನಿಂದ ಬರ್ತೀನಿ," ಅಂದೆ.

ಶಾಂತಕ್ಕನನ್ನು ದಿನಾ ಟಿವಿಎಸ್ ಗಾಡಿಯಲ್ಲಿ ಕರೆತರುತ್ತಿದ್ದವರು ಅವರ ಯಜಮಾನರು ಸಾಮ್ಯುವೇಲಣ್ಣ. ಸರ್ಕಾರಿ ಬಸ್ಸಿನ ಡ್ರೈವರಾಗಿ ಜಗಳೂರು, ಚನ್ನಗಿರಿ ರೂಟುಗಳಲ್ಲಿ ದುಡಿದು ನಿವೃತ್ತರಾದವರು. ಹೆಂಡತಿಯನ್ನು ಒಳಗೆ ಕಳಿಸಿ ಹೊರಗಿನ ಕಲ್ಲುಚಪ್ಪಡಿಯ ಮೇಲೆ ಕೂತುಬಿಡುತ್ತಿದ್ದರು. ಟೇಕ್ ಮುಗಿದು ಬಾಗಿಲು ತೆರೆದ ಕೂಡಲೇ ಅವರ ಅಭಿಪ್ರಾಯ ಬರುತ್ತಿತ್ತು.

"ಏನವ್ವಾ, ಕ್ಲಚ್ ಬಿಡಾಕೆ ಇಷ್ಟು ಹೊತ್ತು ಮಾಡಿದ್ರೆ ಗಾಡಿ ಆಫ್ ಆಗ್ತೈತೆ. ಜಾಝ್ ಅಂದ್ರೆ ಇದೇ ಏನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಗಬೇಕಾದ ಜಾಗ ಎಂದು ನನಗೆ ತಿಳಿದಿತ್ತು.

ನಾಲ್ಕು ಹಾಡು ಮುಗಿದ ಮೇಲೆ ಇಮ್ರಾನ್ ಅವನ್ನು ಬೆಂಗಳೂರಿಗೆ ಕಳಿಸಿದರು. ಸಂಜೆ ಕಂಪನಿಯ ನಿರ್ಮಾಪಕರು ನನಗೆ ಫೋನ್ ಮಾಡಿದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು.

"ಮೇಡಂ, ಶ್ರುತಿ ಸರಿಯಾಗಿದೆ, ಉಚ್ಚಾರ ಸರಿಯಾಗಿದೆ. ಆದರೆ ಆ ದೇವಾಲಯದಲ್ಲಿ ಹಾಡ್ತಾ ಇರೋರು ಯಾರೂ ಇಲ್ಲ ಅನ್ನಿಸುತ್ತೆ."

ಮುಂದಿನ ವಾರದೊಳಗೆ ಸರಿಹೋಗದಿದ್ದರೆ ಹಾಡುಗಳನ್ನು ಬೇರೆಯವರಿಂದ ಹಾಡಿಸಬೇಕಾಗುತ್ತದೆ ಎಂದರು. ನನಗೆ ಬೇಜಾರಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅವರು ಹೇಳಿದ್ದು ನಿಜ ಅನಿಸಿತು, ಅಷ್ಟೇ. ಇದು ಆಗದಿದ್ದರೆ ಹಾಡುವುದನ್ನೇ ಬಿಟ್ಟುಬಿಡುವುದು ಎಂದು ನ್ಯಾಮತಿಯ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ಅದೂ ಯಾರೋ ಪರಿಚಯದವರ ಸುದ್ದಿ ಕೇಳಿದ ಹಾಗಿತ್ತು. ಮನೆಗೆ ಬಂದಾಗ ಪ್ರಸಾದನ ಹೆಂಡತಿ ಲೀಲಾ ರೊಟ್ಟಿ, ಪಲ್ಯ ಬಡಿಸಿದಳು.

"ಅಕ್ಕಾ, ಉಪ್ಪು ಜಾಸ್ತಿ ಆಗೈತೇನು?"

"ಗೊತ್ತಾಗ್ತಾ ಇಲ್ಲ ಲೀಲಾ," ಅಂದೆ. ಅವಳು ನನ್ನ ಮುಖ ನೋಡಿ ಇನ್ನೊಂದು ರೊಟ್ಟಿ ಬಡಿಸಿದಳು.

ಉಳಿದ ಹಾಡುಗಳಲ್ಲಿ ಒಂದು ಮಣ್ಣಿನ ಹಾಡು. ಪುಸ್ತಕದಲ್ಲಿ ಅದಕ್ಕೆ ಬೇರೆ ಮೊದಲ ಸಾಲಿದೆ. ಸಮಾಧಿಗೆ ಮಣ್ಣು ಹಾಕುವಾಗ ಹಾಡುವುದರಿಂದ ನಮ್ಮ ಸಭೆಯವರು ಹಾಗೆ ಕರೆಯುತ್ತಾರೆ. ಮಾರನೆಯ ದಿನ ಇಡೀ ಅದೊಂದನ್ನೇ ಹಾಡಿದೆವು. ನಿಧಾನಕ್ಕೆ ಹಾಡಿ ನೋಡಿದೆವು, ಎತ್ತರದ ಶ್ರುತಿಯಲ್ಲಿ ಹಾಡಿ ನೋಡಿದೆವು. ವಿನೋದ್ ಪಿಯಾನೊದ ಸ್ವರಗಳನ್ನು ಬದಲಿಸಿ ನೋಡಿದರು. ಪ್ರತಿಸಲ ಇಮ್ರಾನ್ ಹೆಡ್‌ಫೋನ್ ತೆಗೆದು "ಚೆನ್ನಾಗಿದೆ ಮೇಡಂ, ಇನ್ನೊಂದು ತಗೊಳ್ಳೋಣ" ಎನ್ನುತ್ತಿದ್ದರು. ಸಂಜೆಗೆ ಅದನ್ನು ಹೇಳುವುದನ್ನೂ ಬಿಟ್ಟರು.

ಅದರ ಮರುದಿನ ಬೆಳಗ್ಗೆ ಎಲ್ಲ ಸಿದ್ಧವಾಗಿತ್ತು, ಶಾಂತಕ್ಕ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಂಘದ ರತ್ನಮ್ಮ ಚಪ್ಪಲಿ ಹಾಕಿಕೊಂಡೇ ದೇವಾಲಯದೊಳಗೆ ಓಡಿಬಂದರು.

"ಸಾಮ್ಯುವೇಲಣ್ಣ ಹೋಗ್ಬಿಟ್ರು ಕಣ್ರೀ. ಗಡ್ಡ ಕೆರ್ಕೊಂಡು ಚಾ ಮಾಡು ಅಂದ್ರಂತೆ. ಶಾಂತಕ್ಕ ಚಾ ತರಾ ಅಷ್ಟ್ರಾಗೆ ಕುರ್ಚೀಲೇ ಹಂಗೇ ವಾಲಿದ್ರಂತೆ."

ಇಮ್ರಾನ್ ಮೈಕುಗಳ ವಯರು ಒಂದೊಂದಾಗಿ ಕಳಚತೊಡಗಿದರು. ನಾವೆಲ್ಲ ಶಾಂತಕ್ಕನ ಮನೆಗೆ ನಡೆದೆವು.

ಅವರು ಗೋಡೆಗೆ ಒರಗಿ ಕೂತಿದ್ದರು. ಹೆಂಗಸರು ಸುತ್ತ ಇದ್ದರು. ನನ್ನನ್ನು ಕಂಡ ಕೂಡಲೇ ಕೈ ಚಾಚಿ ಹತ್ತಿರ ಎಳೆದುಕೊಂಡರು.

"ಮರ್ಸಿ, ಮಣ್ಣಿಗೆ ನೀನೇ ಹಾಡು ಎತ್ತಬೇಕು. ನಮ್ಮ ಸಭೇಲಿ ಯಾರ ಮಣ್ಣಿಗೂ ನಾನೇ ಎತ್ತಾದು. ಇವತ್ತು ನನ್ನ ಕೈಲಿ ಆಗಲ್ಲ."

ಹಾಡು ಎತ್ತುವುದೆಂದರೆ ಮೊದಲ ಸಾಲು ತೆಗೆದು ಉಳಿದವರನ್ನು ಜೊತೆಗೆ ಕರೆದೊಯ್ಯುವುದು. ನಾನು ನಿಜವನ್ನೇ ಹೇಳಿದೆ.

"ಶಾಂತಕ್ಕ, ನನಗೆ ಏನೂ ಅನಿಸ್ತಾ ಇಲ್ಲ. ಎಷ್ಟೋ ದಿನದಿಂದ ಹೀಗೇ."

"ಅನಿಸಾದು ಬ್ಯಾಡ ಕಣೇ. ರಾಗ ಗೊತ್ತೈತಲ್ಲ? ಅಷ್ಟು ಸಾಕು."

ಅವರ ಮಗ ಡೇನಿಯಲ್ ಜಗಳೂರಿನಲ್ಲಿ ಲೈನ್‌ಮನ್. ಅವನು ಬರಬೇಕಿತ್ತು. ನಮ್ಮ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು, ಚನ್ನಗಿರಿಯ ಸಭೆಯನ್ನೂ ನೋಡಿಕೊಳ್ಳುತ್ತಿದ್ದರು. ಅವತ್ತು ಅವರು ಅಲ್ಲಿ ಮದುವೆಯೊಂದನ್ನು ನಡೆಸುತ್ತಿದ್ದರು. ಮದುವೆ ಮುಗಿಸಿ ನೇರ ಬರುತ್ತೇನೆ ಎಂದು ತಿಳಿಸಿದ್ದರಿಂದ ಸಂಜೆಗೆ ಮಣ್ಣು ಎಂದು ನಿಶ್ಚಯವಾಯಿತು.

ನಮ್ಮ ಸಮಾಧಿಯ ಜಾಗ ಊರಾಚೆ, ಹೊಳೆಯ ಕಡೆಗಿದೆ. ಜಾಲಿ ಕಡಿದು ದಾರಿ ಮಾಡಿದ್ದರು. ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸುವ ಹೊತ್ತಿಗೆ ಡೇನಿಯಲ್ ಗೆಳೆಯನ ಬೈಕಿನಲ್ಲಿ ಬಂದು ಇಳಿದ. ಕೆಲಸದ ಬಟ್ಟೆಯಲ್ಲೇ ಹೊರಟಿದ್ದ, ತಲೆಗೂದಲೆಲ್ಲ ಧೂಳು. ಅಪ್ಪನ ಮುಖ ನೋಡಿ ಹಾಗೇ ಕುಕ್ಕರಿಸಿ ಕೂತುಬಿಟ್ಟ. ಅಷ್ಟರಲ್ಲಿ ಅಯ್ಯನವರ ಫೋನ್ ಬಂತು. ದಾರಿಯಲ್ಲಿ ಲಾರಿ ಮಗುಚಿ ಗಾಡಿಗಳೆಲ್ಲ ನಿಂತಿವೆ, ಬರುವುದು ತಡ ಎಂದರು. ಬೆಳಕು ಇಳಿಯುತ್ತಿತ್ತು. ಸಭೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು.

"ಅಯ್ಯನೋರು ಬರಾ ಗಂಟ ಹಾಡಮ್ಮ. ಸುಮ್ನೆ ನಿಂತ್ರೆ ಆ ತಾಯಿ ತಡಕಣಲ್ಲ."

ನಾನು ಹಾಡು ಎತ್ತಿದೆ.

ಮೊದಲ ಸಾಲಿಗೆ ಎಲ್ಲರೂ ಕೂಡಿದರು. ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ ಶಾಂತಕ್ಕ "ಏಳ್ರೀ, ಗಾಡಿ ತೆಗೀರಿ, ಮನೆಗೆ ಹೋಗನ" ಎಂದು ಪೆಟ್ಟಿಗೆಯ ಮೇಲೆ ಬಿದ್ದು ಅತ್ತರು. ಒಬ್ಬೊಬ್ಬರದಾಗಿ ದನಿಗಳು ಕುಸಿದವು. ನಮ್ಮ ವೃತ್ತಿಯಲ್ಲಿ ಜೊತೆಗಾರರು ತಪ್ಪಿದರೆ ಗಾಯಕಿ ನಿಲ್ಲಬಾರದು, ತಾಳ ಹಿಡಿದು ಮುಂದೆ ಹೋಗಬೇಕು, ಅವರು ಬಂದು ಸೇರಿಕೊಳ್ಳುತ್ತಾರೆ. ನಾನು ಹಾಗೇ ಹೋದೆ. ಸಾಲಿನ ಕೊನೆ ಮುಟ್ಟಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಅಷ್ಟು ಜನರ ನಡುವೆ ನನ್ನ ದನಿ ಒಂದೇ ಉಳಿದಿತ್ತು.

ಆಗ ನಾನು ಮುಂದಿನ ಸಾಲಿಗೆ ಹೋಗದೆ ಆ ಕೊನೆಯ ಸ್ವರದಲ್ಲೇ ನಿಂತೆ. ಉಸಿರು ಮುಗಿಯಿತು. ಮತ್ತೆ ಉಸಿರು ತೆಗೆದುಕೊಂಡು ಅದೇ ಸ್ವರ ಹಿಡಿದೆ. ಕೂತಿದ್ದ ಡೇನಿಯಲ್‌ನ ಬಾಯಿಂದ ಒಡಕು ದನಿಯೊಂದು ಎದ್ದು ಬಂದು ಅದಕ್ಕೆ ತಾಗಿತು. ಆಮೇಲೆ ರತ್ನಮ್ಮ, ಆಮೇಲೆ ಇಬ್ಬರು ಗಂಡಸರು. ಅವರೆಲ್ಲ ಬಂದ ಮೇಲೆ ಮುಂದಿನ ಸಾಲು ತೆಗೆದೆ. ಅವರು ಮತ್ತೆ ಬಿದ್ದರು, ನಾನು ಮತ್ತೆ ತುದಿಯಲ್ಲಿ ನಿಂತು ಕಾದೆ.

ಹಾಡು ಹೀಗೆ ತೆವಳುತ್ತ ಹೋಯಿತು. ಮುಗಿದರೆ ಮತ್ತೆ ಮೊದಲಿನಿಂದ ಎತ್ತುತ್ತಿದ್ದೆ. ನನ್ನೊಳಗೆ ದುಃಖವಾಗಲಿ ಭಕ್ತಿಯಾಗಲಿ ಹುಟ್ಟಲಿಲ್ಲ. ಪೆಟ್ಟಿಗೆಯ ಬಿಳಿ ಬಟ್ಟೆಯ ಮೇಲೆ ಇರುವೆಯೊಂದು ಹೋಗುತ್ತಿದ್ದುದು ಕಾಣುತ್ತಿತ್ತು. ಯಾರಿಗೆ ಉಸಿರು ಸಾಲುತ್ತಿಲ್ಲ, ಯಾರು ಇನ್ನೂ ಬಂದಿಲ್ಲ ಎಂದು ನೋಡುತ್ತಿದ್ದೆ, ಅಷ್ಟೇ. ಎಷ್ಟನೆಯ ಸಲವೋ ಗೊತ್ತಿಲ್ಲ, ಕೆಳಗಿನಿಂದ ಇನ್ನೊಂದು ದನಿ ಬಂತು. ಮಂದ್ರದಲ್ಲಿ, ಶ್ರುತಿ ತಪ್ಪದೆ. ಶಾಂತಕ್ಕ ತಲೆ ಎತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ಕೆನ್ನೆ ಇಟ್ಟುಕೊಂಡೇ ಹಾಡುತ್ತಿದ್ದರು. ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು. ಮಣ್ಣು ಹಾಕಿದೆವು.

ಮೂರನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಶಾಂತಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮಣೆ ಕೊಟ್ಟು ಕೂರಿಸಿದರು.

"ಅವತ್ತು ನೀನು ಅಳಲಿಲ್ಲ," ಅಂದರು.

ಅದು ದೂರು ಎಂದುಕೊಂಡೆ.

"ಒಳ್ಳೇದೇ ಆತು. ನಾವೆಲ್ಲ ಬಿದ್ದೋಗಿದ್ವಿ. ನೀನೂ ಅತ್ತಿದ್ರೆ ಹಾಡು ಯಾರು ಹಿಡೀತಿದ್ರು? ಹಾಡಿಲ್ದೆ ಅವ್ರನ್ನ ಹೆಂಗೆ ಕಳ್ಸಾದು?" ನನ್ನ ಮುಂದೆ ಚಾ ಲೋಟ ಇಟ್ಟು ಕೇಳಿದರು, "ನಿಮ್ಮ ಯಜಮಾನ್ರಿಗೆ ಯಾರು ಎತ್ತಿದ್ರು?"

"ಯಾರೂ ಇಲ್ಲ ಅಕ್ಕ. ಹಾಡೇ ಇರಲಿಲ್ಲ."

ಅವರು ನನ್ನ ಮುಂದಿದ್ದ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದರು.

ಎರಡು ದಿನ ಬಿಟ್ಟು ರೆಕಾರ್ಡಿಂಗ್ ಮತ್ತೆ ಶುರುವಾಯಿತು. ಶಾಂತಕ್ಕ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಡೇನಿಯಲ್ ಆಟೊದಲ್ಲಿ ತಂದು ಬಿಟ್ಟ. ಇಷ್ಟು ಬೇಗ ಹೊರಗೆ ಬಂದರಲ್ಲ ಎಂಬ ಹಾಗೆ ಹೆಂಗಸರು ಮುಖ ಮುಖ ನೋಡಿಕೊಂಡರು. ಶಾಂತಕ್ಕ ನೇರ ತಮ್ಮ ಜಾಗಕ್ಕೆ ಹೋಗಿ ನಿಂತರು.

"ಮನೇಲಿ ಕುಂತ್ರೆ ಆ ಗಾಡಿ ಕಣ್ಣಿಗೆ ಬೀಳ್ತೈತೆ. ಇಲ್ಲಿ ಮಾಡಾಕೆ ಕೆಲಸ ಐತೆ. ನಡೀರಿ."

ನಾನು ಹೆಡ್‌ಫೋನ್ ತೆಗೆದಿಟ್ಟೆ. ಕ್ಲಿಕ್ ಬೇಡ ಎಂದು ಇಮ್ರಾನ್‌ಗೆ ಹೇಳಿದೆ. ಅಲ್ಲಿಯವರೆಗೆ ಹೆಂಗಸರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದವಳು ಈಗ ಅವರ ಕಡೆ ಮುಖ ಮಾಡಿ ನಿಂತೆ. ಇಮ್ರಾನ್ ಅದಕ್ಕಾಗಿ ಮೈಕುಗಳನ್ನೆಲ್ಲ ಮತ್ತೆ ಜೋಡಿಸಬೇಕಾಯಿತು. ತಾಳಕ್ಕಿಂತ ಹಿಂದೆ ಉಳಿಯುವ ನನ್ನ ಹಳೆಯ ಅಭ್ಯಾಸ ಬಿಟ್ಟೆ. ಅದು ಕೇಳುವವರಿಗೆ ಖುಷಿ ಕೊಡುವ ಆಟ. ಈಗ ಪ್ರತಿ ಸಾಲಿನ ತುದಿಯಲ್ಲಿ, ಕೊನೆಯವರು ಬಂದು ತಲುಪಿದ್ದು ಕಣ್ಣಿಗೆ ಕಂಡ ಮೇಲೆ ಮುಂದಿನ ಸಾಲು ತೆಗೆಯುತ್ತಿದ್ದೆ.

ಮಣ್ಣಿನ ಹಾಡಿನ ಎರಡನೆಯ ಚರಣದಲ್ಲಿ ಪಿಯಾನೊ ನಿಂತಿತು. ವಿನೋದ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದರು. ಅವರ ತಾಯಿಯೂ ಸ್ಟ್ಯಾನ್ಲಿ ಹೋದ ಅಲೆಯಲ್ಲೇ ಹೋದವರು ಎಂದು ನನಗೆ ತಿಳಿದದ್ದು ಆಮೇಲೆ. ಶಾಂತಕ್ಕ ಅಂಗನವಾಡಿಯ ದನಿಯಲ್ಲಿ ಹೇಳಿದರು:

"ಅಳಾದಾದ್ರೆ ಹೊರಗೆ ಹೋಗಿ ಚೆನ್ನಾಗಿ ಅತ್ತು ಬಾರಪ್ಪ. ನಾವು ಇಲ್ಲೇ ಇರ್ತೀವಿ."

ವಿನೋದ್ ಹೊರಗೆ ಹೋದರು. ಇಮ್ರಾನ್ ಫ್ಯಾನ್ ಹಾಕಿದರು. ನಾವು ಬೆಂಚುಗಳ ಮೇಲೆ ಕೂತು ಕಾದೆವು. ಅವರು ಮುಖ ತೊಳೆದುಕೊಂಡು ಬಂದ ಮೇಲೆ ಹಾಡಿದ್ದು ಒಂದೇ ಟೇಕ್. ಆಲ್ಬಂನಲ್ಲಿ ಇರುವುದು ಅದೇ. ಉಳಿದಿದ್ದ ಮೂರು ಹಾಡುಗಳನ್ನು ಅದೇ ರೀತಿ ಹಾಡಿ, ಮೊದಲಿನ ನಾಲ್ಕನ್ನೂ ಮತ್ತೆ ಹಾಡಿದೆವು.

ನಿರ್ಮಾಪಕರು ಕೇಳಿ ಫೋನ್ ಮಾಡಿದರು. "ಈಗ ನೀವು ಇದ್ದೀರಿ ಮೇಡಂ. ಏನು ಮಾಡಿದಿರಿ?"

"ಕಾದೆ," ಅಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ನನ್ನ ಮಟ್ಟಿಗೆ ನಾನು ಮೊದಲು ಎಷ್ಟು ಇದ್ದೆನೋ ಆಗಲೂ ಅಷ್ಟೇ ಇದ್ದೆ. ನ್ಯಾಮತಿಗೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯಾಚೆ ಕೊಯ್ಲಿನ ಯಂತ್ರಗಳು ಭತ್ತದ ಗದ್ದೆಯಲ್ಲಿ ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಕೆಲಸ ಮುಗಿಯಿತು ಎಂದುಕೊಂಡೆ, ಸಂತೋಷವೇನೂ ಆಗಲಿಲ್ಲ.

ಈಸ್ಟರ್‌ಗೆ ಮೊದಲು ಆಲ್ಬಂ ಹೊರಬಂತು. ದೊಡ್ಡ ಹೆಸರೇನೂ ಆಗಲಿಲ್ಲ. ಜಾಝ್ ಗೆಳೆಯರು ತೀರಾ ಸಪ್ಪೆಯಾಯಿತು ಎಂದರು. ಚನ್ನಗಿರಿಯ ಸಭೆಯ ಕೆಲವು ಹಿರಿಯರಿಗೆ ಹೋಟೆಲ್ ವಾಸನೆ ಬಡಿಯಿತಂತೆ. ಡೇನಿಯಲ್ ಮಾತ್ರ ಜಗಳೂರಿನಿಂದ ಫೋನ್ ಮಾಡಿ, ಕಂಬ ಹತ್ತಿ ಇಳಿದು ಊಟಕ್ಕೆ ಕೂತಾಗ ಅಮ್ಮನ ದನಿ ಇರುವ ಜಾಗ ಹುಡುಕಿ ಕೇಳುತ್ತೇನೆ ಅಂದ. ನಾನು ಬೆಂಗಳೂರಿಗೆ ವಾಪಸಾಗಿ ಮತ್ತೆ ಹೋಟೆಲಿನಲ್ಲಿ ಹಾಡತೊಡಗಿದೆ. ಹಾಡುವುದನ್ನು ಬಿಡುವ ಮಾತು ತಾನಾಗಿ ಹಿಂದೆ ಬಿತ್ತು.

ಸಾಮ್ಯುವೇಲಣ್ಣನ ವರ್ಷದ ಪ್ರಾರ್ಥನೆಗೆ ಶಾಂತಕ್ಕ ಕರೆದರು, ಹೋದೆ. ಸಮಾಧಿಯ ಸುತ್ತ ಸಭೆಯವರು ನಿಂತಿದ್ದರು. ಅಯ್ಯನವರು ವಾಕ್ಯ ಓದಿ, ಸಾಮ್ಯುವೇಲಣ್ಣನ ಹೆಸರು ಹೇಳಿ ಪ್ರಾರ್ಥಿಸಿದರು. ಆಮೇಲೆ, "ಇನ್ನೊಬ್ಬ ಸಹೋದರ ಸ್ಟ್ಯಾನ್ಲಿಯವರನ್ನೂ ಈಗ ನೆನೆಯೋಣ" ಎಂದರು. ನನಗೆ ಯಾರೂ ಮೊದಲು ಹೇಳಿರಲಿಲ್ಲ. ಶಾಂತಕ್ಕ ನನ್ನ ಕಡೆ ನೋಡದೆ ಮಣ್ಣಿನ ಹಾಡು ಎತ್ತಿದರು.

ಮೊದಲ ಸಾಲನ್ನು ನಾನೂ ಹಾಡಿದೆ. ಎರಡನೆಯ ಸಾಲಿನ ನಡುವೆ ನನ್ನ ಬಾಯಿ ನಿಂತಿತು. ದನಿ ಹೊರಡಲಿಲ್ಲ. ರತ್ನಮ್ಮ ನನ್ನ ರಟ್ಟೆ ಹಿಡಿದುಕೊಂಡರು. ಮುಖವೆಲ್ಲ ಒದ್ದೆಯಾದದ್ದು ನನಗೆ ಗಾಳಿ ತಾಗಿದಾಗಲೇ ಗೊತ್ತಾಯಿತು. ಅಷ್ಟೂ ಜನ ಸಾಲಿನ ತುದಿಯಲ್ಲಿ ಒಂದೇ ಸ್ವರ ಹಿಡಿದು, ಉಸಿರು ತೆಗೆದುಕೊಂಡು ಮತ್ತೆ ಹಿಡಿದು, ಅವಸರವಿಲ್ಲದೆ ನಿಂತಿದ್ದರು.

ಹಾಡುವವಳಿಗೆ ಮೊದಲು ಭಾವ ಬರಬೇಕು, ಹಾಡು ಆಮೇಲೆ ಎಂದು ಬಹಳ ಕಾಲ ನಂಬಿದ್ದೆ. ಹೊನ್ನಾಳಿಯಲ್ಲಿ ಈ ಕೆಲಸ ನನಗೆ ಕಲಿಸಿದ್ದು ಬೇರೆ. ಒಳಗೆ ಏನಿದೆ, ಏನಿಲ್ಲ ಎಂದು ತಡಕುತ್ತ ಕೂರದೆ, ರಾಗ ಗೊತ್ತಿದ್ದವರು ಹಾಡು ಎತ್ತಬೇಕು. ಬಿದ್ದವರು ಎದ್ದು ಬರುವ ತನಕ ಅದನ್ನು ಹಿಡಿದಿರಬೇಕು. ವರ್ಷದ ಪ್ರಾರ್ಥನೆಯ ದಿನ ನಾನು ಹಾಡಿಗೆ ಮರಳಿ ಬರುವುದು ತಡವಾಯಿತು. ಯಾರೂ ನನ್ನನ್ನು ಬಿಟ್ಟು ಮುಂದಿನ ಸಾಲಿಗೆ ಹೋಗಲಿಲ್ಲ.